ತೂಕ ಏರಿತು, ಕಾಲಿಗೆ ಬಲ ಬರಲಿಲ್ಲ

ಕರುಳಿನಲ್ಲಿ ಉರಿಯೂತ ತರುವ ಕ್ರೋನ್ಸ್ ಕಾಯಿಲೆ ಕೆರಳಿದಾಗ ನನ್ನ ತೂಕ 62ರಿಂದ 54 ಕಿಲೋಗೆ ಇಳಿದಿತ್ತು. ಸ್ಟೀರಾಯ್ಡ್ ಶುರುವಾದ ಮೇಲೆ ಹಸಿವು ಹೆಚ್ಚಿತು, ಮುಖ ದುಂಡಗಾಯಿತು, ತೂಕ 59ಕ್ಕೆ ಬಂತು. ಮನೆಯವರಿಗೆಲ್ಲ ಸಮಾಧಾನ. ನನಗೆ ಮಾತ್ರ ಕೈ ಊರದೆ ಕುರ್ಚಿಯಿಂದ ಏಳಲು ಆಗುತ್ತಿರಲಿಲ್ಲ. ಬಂದಿದ್ದು ನೀರು, ಕೊಬ್ಬು. ತೊಡೆಯ ಸ್ನಾಯು ಕರಗುತ್ತಲೇ ಇತ್ತು. ಉರಿಯೂತವೂ ಅದನ್ನೇ ತಿನ್ನುತ್ತದೆ, ಸ್ಟೀರಾಯ್ಡೂ ಅದನ್ನೇ.

ಕಾಯಿಲೆ ಜೋರಾಗಿರುವಾಗ ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು, ತಣ್ಣಗಾದ ಮೇಲೆ ಎಲ್ಲರಂತೆ 1 ಗ್ರಾಂ ಸಾಕು ಎಂದರು ಡಯಟೀಷಿಯನ್. ಕಿಡ್ನಿ ಸರಿಯಿದೆಯೆಂದು ನೋಡಿಕೊಂಡು, ಊದಿದ ತೂಕ ಬಿಟ್ಟು 54ನ್ನೇ ಹಿಡಿದರು: 65ರಿಂದ 81 ಗ್ರಾಂ. ಮೂರು ದಿನ ತಿಂದದ್ದನ್ನೆಲ್ಲ ಬರೆದು ಕೂಡಿದೆ. ಒಂದು ದಿನವೂ 40 ದಾಟಿರಲಿಲ್ಲ! ಹೊಟ್ಟೆಗೆ ಹೆದರಿ ಬೇಳೆ, ಹಾಲು, ಮೊಟ್ಟೆ ಒಂದೊಂದೇ ಬಿಟ್ಟಿದ್ದೆನಲ್ಲ.

ಅವಸರಬಿದ್ದು, ಹಾಲಿನಿಂದ ತೆಗೆದ ವೇ ಪ್ರೋಟೀನ್ ಪುಡಿಯನ್ನು ದೊಡ್ಡ ಲೋಟ ಹಾಲಿಗೆ ಕಲಸಿ ಕುಡಿದೆ. ಮಧ್ಯಾಹ್ನದೊಳಗೆ ಆರು ಸಲ ಟಾಯ್ಲೆಟ್. ರೋಗ ಮತ್ತೆ ತಿರುಗಿತೆಂದು ಗಾಬರಿಯಾದೆ, ಆದರೆ ಕರುಳಿನ ಉರಿಯೂತ ತೋರಿಸುವ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಏರಿರಲಿಲ್ಲ. ಅದು ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆಯ ಕಾಟ. ಲ್ಯಾಕ್ಟೋಸ್ ಕಡಿಮೆಯಿರುವ ಐಸೊಲೇಟ್ ಪುಡಿಯನ್ನು ನೀರಿನಲ್ಲಿ, ಅರ್ಧ ಅಳತೆಯಿಂದ ಶುರು ಮಾಡಿದ ಮೇಲೆ ತೊಂದರೆಯಾಗಲಿಲ್ಲ.

ಉಳಿದದ್ದನ್ನು ಐದು ಸಣ್ಣ ಊಟಕ್ಕೆ ಹಂಚಿದೆ, ಒಂದೊಂದಕ್ಕೆ 14 ಗ್ರಾಂ. ಒಂದು ಮೊಟ್ಟೆಗೆ 6 ಗ್ರಾಂ ಅಂತ ಲೆಕ್ಕ. ಮೀನು ಒಗ್ಗಿತು. ಸಣ್ಣಕರುಳಿನ ಒಂದು ಕಡೆ ದಾರಿ ಕಿರಿದಾಗಿರುವುದರಿಂದ ಸಿಪ್ಪೆ ತೆಗೆದ ಬೇಳೆಯನ್ನು ಕರಗುವ ಹಾಗೆ ಬೇಯಿಸಿ ಸೋಸಿಕೊಂಡೆ.

ನಾನು ಪೂರ್ತಿ ದಾರಿ ತಪ್ಪಿದ್ದು ಆಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ವಿಷಯದಲ್ಲಿ. ರಿಪೋರ್ಟಿನಲ್ಲಿ ಅದು 2.6, ಕಡಿಮೆ ಇತ್ತು. ಅದನ್ನು ಏರಿಸಲೆಂದು ಮೂರು ವಾರ ಹಟಹಿಡಿದು ತಿಂದೆ; 2.7 ಆಯಿತು. ಡಾಕ್ಟರು ನಕ್ಕರು. "ನೋಡಿ, ಇದು ನಿಮ್ಮ ಊಟದ ಮಾರ್ಕ್ಸ್ ಕಾರ್ಡ್ ಅಲ್ಲ. ಉರಿಯೂತ ಇರುವಾಗ ಲಿವರ್ ಇದನ್ನು ಕಡಿಮೆ ತಯಾರಿಸುತ್ತೆ, ಹುಣ್ಣಾದ ಕರುಳಿನಿಂದ ಸೋರಿಯೂ ಹೋಗುತ್ತೆ." ಹಾಗೇ ಆಯಿತು. ಉರಿಯೂತ ತಡೆಯುವ ಬಯಾಲಜಿಕ್ ಇಂಜೆಕ್ಷನ್ ಹಿಡಿದು, ರಕ್ತದಲ್ಲಿ ಉರಿಯೂತ ತೋರಿಸುವ ಸಿಆರ್‌ಪಿ ಇಳಿದ ಮೇಲೆ, ಊಟ ಅದೇ ಇದ್ದರೂ, ಆಲ್ಬುಮಿನ್ 3.8 ಮುಟ್ಟಿತು. ಹೆಚ್ಚು ಪ್ರೋಟೀನ್ ತಿಂದು ಔಷಧಿ ಬಿಟ್ಟೆ ಎನ್ನುವವರನ್ನು ಕಂಡರೆ ಈಗ ನನಗೆ ಭಯ.

ಬರೀ ತಿಂದರೂ ಸ್ನಾಯು ಬೆಳೆಯಲಿಲ್ಲ. ದಿನವೂ ಎದೆಗೆ ಕೈ ಕಟ್ಟಿ ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸ ಮಾಡಿದೆ. 30 ಸೆಕೆಂಡಿಗೆ ಮೊದಲು ನಾಲ್ಕು ಸಲ, ನಾಲ್ಕು ತಿಂಗಳಿಗೆ ಹದಿನಾಲ್ಕು. ಅಷ್ಟರಲ್ಲಿ ಸ್ಟೀರಾಯ್ಡ್ ನಿಂತಿತ್ತು, ತೂಕ 57ಕ್ಕೆ ಇಳಿದಿತ್ತು. ಮನೆಯವರಿಗೆ ಮತ್ತೆ ಚಿಂತೆ.