ಬ್ರೇಕ್ ಉಳಿಸಿದ ಕಥೆ

ಹಿಂದಿನ ಸೆಟ್ ಬ್ರೇಕ್ 200 ಲ್ಯಾಂಡಿಂಗ್ ಕೂಡ ಬಾಳಲಿಲ್ಲ. ಈಗಿನದು 400 ದಾಟಿದೆ, ವೇರ್ ಪಿನ್ (ಬ್ರೇಕ್ ಸವೆದಷ್ಟೂ ಒಳಗೆ ಸರಿಯುವ ಚಿಕ್ಕ ಕಡ್ಡಿ) ಇನ್ನೂ ಹೊರಗೆ ಕಾಣುತ್ತಿದೆ. ವಿಮಾನ ಅದೇ ಸಿಟೇಷನ್ ಸಿಜೆ2 ಅನ್ನೋ ಪುಟ್ಟ ಜೆಟ್, ಹಾರಿಸುವವನೂ ಅದೇ ನಾನು.

ಇಳಿಸುವ ರೀತಿ ಬದಲಿಸಿದರೆ ಬ್ರೇಕ್ ಉಳಿಯುತ್ತೆ ಅಂದಾಗ ನಮ್ಮ ಎಂಜಿನಿಯರ್ ನಕ್ಕಿದ್ದರು. "ಸಾರ್, ನೀವು ಹಾರಿಸಿ. ಬ್ರೇಕ್ ನಾನು ನೋಡ್ಕೋತೀನಿ." ನೋಡಿಕೊಂಡರು. ಎರಡೂ ಕಡೆ ಓವರ್‌ಹಾಲ್, ಸಾಗಾಟ, ಕಸ್ಟಮ್ಸ್ ಸೇರಿ ಹತ್ತು ಲಕ್ಷದ ಆಸುಪಾಸು ಬಿಲ್ ಮಾಲೀಕರ ಟೇಬಲ್ ಮೇಲೆ ಬಂತು. ಒಂಬತ್ತು ದಿನವೋ ಹತ್ತು ದಿನವೋ ವಿಮಾನ ಹ್ಯಾಂಗರ್‌ನಲ್ಲೇ.

ನಾನೂ ಮೊದಲು ಎಡವಿದೆ. ಮೆತ್ತಗೆ ಇಳಿಸಿದರೆ ಬ್ರೇಕಿಗೂ ಒಳ್ಳೆಯದು ಅಂದುಕೊಂಡು ತೇಲಿಸಿ ತೇಲಿಸಿ ಇಳಿಸಿದೆ. ಹಿಂದೆ ಕೂತವರಿಗೆ ಖುಷಿ. ರನ್‌ವೇ ಮಾತ್ರ 500–600 ಮೀಟರ್ ಸುಮ್ನೆ ಹೋಯಿತು. ಮೈಸೂರಿನ ಮಂಡಕಳ್ಳಿ ಇರುವುದೇ 1,740 ಮೀಟರ್. ಅಲ್ಲಿ ಒಂದು ದಿನ ಹೀಗೆ ತೇಲಿಸಿ, ಕೊನೆಗೆ ಬ್ರೇಕ್ ಮೇಲೆ ಎರಡೂ ಕಾಲು ಊರಿ ನಿಲ್ಲಿಸಿದೆ. ಆವತ್ತಿನ ಬೆವರು ಇನ್ನೂ ನೆನಪಿದೆ.

ಆಮೇಲೆ ಕಣ್ಣು ವೇಗದ ಮೇಲೆ ಬಿತ್ತು. ಸಂತೆಯಲ್ಲಿ ಸೊಪ್ಪಿಗೆ ಕೊಸರು ಕೇಳಿದ ಹಾಗೆ, ವಿ-ರೆಫ್ (ಇಳಿಯುವಾಗ ಇರಬೇಕಾದ ವೇಗ) ಮೇಲೆ ಹತ್ತು ನಾಟ್ ಇಟ್ಟುಕೊಳ್ಳುವ ಚಾಳಿ ನನಗಿತ್ತು. 105ರ ಬದಲು 115 ಅಂದರೆ ನಿಲ್ಲಿಸಲು ಕರಗಿಸಬೇಕಾದ ಶಕ್ತಿ ಶೇ. 20 ಜಾಸ್ತಿ. ಮೊದಲೇ ಬೆಂಗಳೂರು ಮೂರು ಸಾವಿರ ಅಡಿ ಎತ್ತರದ ಊರು, ಗಾಳಿ ತೆಳು. ಗಾಳಿ ಬೀಸದ ದಿನವೂ ಮೀಟರ್ ತೋರಿಸುವುದಕ್ಕಿಂತ ಐದಾರು ನಾಟ್ ಹೆಚ್ಚಿನ ವೇಗದಲ್ಲೇ ಚಕ್ರ ನೆಲ ಮುಟ್ಟುತ್ತೆ. ಗಾಳಿ ಎಗರಾಡುವ ದಿನ ಬಿಟ್ಟು ಉಳಿದಂತೆ ಕೊಸರು ನಿಲ್ಲಿಸಿದೆ.

ನಮ್ಮದಕ್ಕೆ ಎಂಜಿನ್ ಗಾಳಿಯನ್ನು ಮುಂದಕ್ಕೆ ತಿರುಗಿಸಿ ವೇಗ ಇಳಿಸುವ ರಿವರ್ಸರ್ ಇಲ್ಲ. ಮುಟ್ಟಿದ ಕೂಡಲೇ ಗ್ರೌಂಡ್ ಫ್ಲಾಪ್ (ರೆಕ್ಕೆಯ ಹಿಂಬದಿಯ ಪಟ್ಟಿ ಪೂರ್ತಿ ಕೆಳಗೆ), ಆಮೇಲೆ ಗಾಳಿಯೇ ದುಡಿಯಲಿ. ಎಚ್‌ಎಎಲ್ ರನ್‌ವೇ 3,300 ಮೀಟರ್ ಇದೆ, ಹೊರಹೋಗುವ ಮೊದಲ ತಿರುವಿಗೇ ಯಾಕೆ ಅವಸರ? ಸುಮಾರು 70 ನಾಟ್‌ಗೆ ಬರುವವರೆಗೆ ನಾನು ಬ್ರೇಕ್ ಮುಟ್ಟಲ್ಲ. ಗಾಳಿ ತಡೆಯಲಿ ಅಂತ ವಿಮಾನದ ಮೂಗು ಎಷ್ಟು ಹೊತ್ತು ಎತ್ತಿ ಹಿಡಿಯುತ್ತೇನೆ ಅನ್ನೋದು ನನ್ನ ಜೇಬಲ್ಲೇ ಇರಲಿ. ಅದನ್ನು ಕಲಿಯುವಾಗ ಮೂಗಿನ ಚಕ್ರ ದಡ್ ಅಂತ ಬಿದ್ದು ಮಾಲೀಕರ ಕಾಫಿ ಚೆಲ್ಲಿತ್ತು. ಕೆಂಪೇಗೌಡದಲ್ಲಿ ಈ ಆಟ ನಡೆಯಲ್ಲ. ಹಿಂದೆ ಏರ್‌ಬಸ್ ಬರುತ್ತಿರುತ್ತೆ, ಬೇಗ ರನ್‌ವೇ ಬಿಡಬೇಕು.

ಕಾರ್ಬನ್ ಬ್ರೇಕ್ ಇರುವ ವಿಮಾನ ಹಾರಿಸುವ ಗೆಳೆಯ, ಒಂದೇ ಸಲ ಗಟ್ಟಿಯಾಗಿ ಒತ್ತಿ ಬಿಡು ಅಂದಿದ್ದ. ಅವನ ಮಟ್ಟಿಗೆ ಸರಿಯೇ. ಕಾರ್ಬನ್ ಸವೆಯೋದು ಎಷ್ಟು ಸಲ ಒತ್ತಿದೆವು ಅನ್ನೋದರ ಮೇಲೆ. ನಮ್ಮದು ಸ್ಟೀಲ್, ಬಿಸಿಗೆ ಸವೆಯುತ್ತೆ. ಮೂವತ್ತು ಲ್ಯಾಂಡಿಂಗ್ ಅವನ ಮಾತು ಕೇಳಿದೆ, ಪಿನ್ ಸರಸರ ಒಳಗೆ ಹೋಯಿತು.

ಬೆರಗಾಗಿದ್ದು ಟ್ಯಾಕ್ಸಿಯಲ್ಲಿ, ಅಂದರೆ ವಿಮಾನ ನೆಲದ ಮೇಲೆ ಉರುಳುವಾಗ. ಎಂಜಿನ್ ಐಡಲ್‌ನಲ್ಲಿ, ಅತಿ ಕಡಿಮೆ ಶಕ್ತಿಯಲ್ಲಿ, ಇದ್ದರೂ ಸಿಜೆ ಓಡುತ್ತಲೇ ಇರುತ್ತೆ, ನಾವು ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಬರುತ್ತೇವೆ, ಅಲ್ವಾ? ಇನ್‌ಫ್ರಾರೆಡ್ ಗನ್ ಹಿಡಿದು ನೋಡಿದೆ. ಕೆಲವು ದಿನ ಲ್ಯಾಂಡಿಂಗ್‌ನಷ್ಟೇ ಬಿಸಿ ಟ್ಯಾಕ್ಸಿಯಿಂದಲೂ ಬಂದಿತ್ತು. ಈಗ ವೇಗ ಏರಲು ಬಿಟ್ಟು, ಒಮ್ಮೆ ಒತ್ತಿ ಇಳಿಸಿ, ಪೂರ್ತಿ ಕಾಲು ತೆಗೆಯುತ್ತೇನೆ.

ಮಂಗಳೂರಿನ ಬಜ್ಪೆಗೆ ಹೋದರೆ ಇದೆಲ್ಲ ಮರೆತುಬಿಡುತ್ತೇನೆ. 2,450 ಮೀಟರ್, ಆಚೆ ಕಣಿವೆ. 2010ರ ಮೇ 22ರಂದು ಅಲ್ಲಿ ರನ್‌ವೇಯ ಅರ್ಧಕ್ಕಿಂತ ಆಚೆ ನೆಲ ಮುಟ್ಟಿದ ವಿಮಾನದಲ್ಲಿ 158 ಜನ ಪ್ರಾಣ ಕಳೆದುಕೊಂಡರು. ಅಲ್ಲಿ ಗುರುತಿನ ಮೇಲೇ ಚಕ್ರ ಊರಿ ಬ್ರೇಕ್ ಒತ್ತುತ್ತೇನೆ. ಮಳೆಯಿದ್ದರೆ ಹುಬ್ಬಳ್ಳಿಯಲ್ಲೂ ಅಷ್ಟೇ.

ಎಂಜಿನಿಯರ್ ಈಗ ತಾವೇ ಟಾರ್ಚ್ ಹಿಡಿದು ಪಿನ್ ಅಳೆಯುತ್ತಾರೆ. ಮೊನ್ನೆ ಎರಡು ಸಲ ಅಳೆದರು.