ಸುಟ್ಟ ಪದವಿನಲ್ಲಿ ಹಕ್ಕಿ ನೋಡುವ ಕೆಲಸ

ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕದ ಕಡೆಯ ಪದವುಗಳಲ್ಲಿ, ಅಂದರೆ ಮುರಕಲ್ಲಿನ ಚಪ್ಪಟೆ ಹುಲ್ಲುಗುಡ್ಡೆಗಳಲ್ಲಿ, ಮಕರ ಸಂಕ್ರಮಣದ ಹೊತ್ತಿಗೆ ಮುಳಿಹುಲ್ಲು ಒಣಗಿ ನಿಲ್ಲುತ್ತದೆ. ಅಲ್ಲಿಂದ ಮಳೆಗಾಲದವರೆಗೆ ಒಂದಲ್ಲ ಒಂದು ಗುಡ್ಡೆಗೆ ಬೆಂಕಿ ಬೀಳುತ್ತಲೇ ಇರುತ್ತದೆ. ತಾನಾಗಿ ಹೊತ್ತಿಕೊಂಡಿತು ಎನ್ನುವವರನ್ನು ನಾನು ನಂಬುವುದಿಲ್ಲ. ಬೀಡಿ ತುಂಡು, ದನಕ್ಕೆ ಎಳೆಹುಲ್ಲು ಬೇಗ ಚಿಗುರಲಿ ಎಂಬ ಆಸೆ, ಗೇರುಬೀಜ ಹೆಕ್ಕಲು ಮರದ ಬುಡ ಚೊಕ್ಕಟವಾಗಲಿ ಎಂಬ ಅವಸರ, ಇವೇ ಕಾರಣ.

ಬೆಂಕಿ ಎದ್ದ ಗಳಿಗೆಯಲ್ಲಿ ಹಕ್ಕಿಗಳು ಸೇರುವುದು ನಿಜ. ಕಾಜಾಣಗಳನ್ನು ಗಮನಿಸಿ: ಉರಿ ಸಾಗುವ ದಿಕ್ಕಿಗೆ ಎದುರಾಗಿ ಅವು ಕೂರುವುದಿಲ್ಲ, ಪಕ್ಕದ ಗೇರುಮರದ ಹೊರಕೊಂಬೆಯಲ್ಲಿ ಕೂರುತ್ತವೆ. ಹೊಗೆಯಿಂದ ಮಿಡತೆ ಹೊರಬಿದ್ದೊಡನೆ ಎರಗಿ, ಅದೇ ಕೊಂಬೆಗೆ ಮರಳಿ, ಕೊಕ್ಕಿನಲ್ಲಿ ಕುಕ್ಕಿ ನುಂಗುತ್ತವೆ. ನೀಲಕಂಠ, ಕಳ್ಳಿಪೀರಗಳೂ ಬರುತ್ತವೆ. ಮೇಲೆ ಹದ್ದು, ಗರುಡ ಸುತ್ತುತ್ತವೆ. ಆಸ್ಟ್ರೇಲಿಯಾದ ಉತ್ತರ ಭಾಗದಲ್ಲಿ ಹದ್ದುಗಳು ಉರಿಯುವ ಕಡ್ಡಿಯನ್ನು ಹೊತ್ತೊಯ್ದು ಬೇರೆಡೆ ಬೆಂಕಿ ಹಬ್ಬಿಸುತ್ತವೆ ಎಂದು ಅಲ್ಲಿನ ಮೂಲನಿವಾಸಿಗಳು ಹೇಳುತ್ತಾರೆ. ಅಂಥ ಹೇಳಿಕೆಗಳನ್ನು ಒಟ್ಟುಮಾಡಿದ ಪ್ರಬಂಧ 2017ರಲ್ಲಿ ಪ್ರಕಟವಾಯಿತು. ನಮ್ಮ ಪದವಿನ ಮೇಲೆ ಸುತ್ತುವ ಕರಿಹದ್ದೂ ಆ ಹದ್ದುಗಳಲ್ಲಿ ಒಂದರ ಜಾತಿಯದೇ. ಕಡ್ಡಿ ಹೊರುವುದನ್ನು ಮಾತ್ರ ನಾನು ಇಲ್ಲಿ ಕಂಡಿಲ್ಲ.

ಈ ಸಂತೆಯನ್ನು ನೋಡಿ ಬೆಂಕಿಯಿಂದ ಹಕ್ಕಿಗೆ ಲಾಭ ಎಂದು ಬರೆದುಕೊಳ್ಳುವವರಿದ್ದಾರೆ. ಬಂದವು ಎಲ್ಲಿಂದಲೋ ಬಂದವು. ಹುಲ್ಲಿನೊಳಗೇ ಇದ್ದ ಉಲಿಯಕ್ಕಿ, ಲಾವಕ್ಕಿಗಳು ಸದ್ದಿಲ್ಲದೆ ಜಾಗ ಬಿಟ್ಟವು; ಅವುಗಳನ್ನು ಲೆಕ್ಕಕ್ಕೆ ತೆಗೆದುಕೊಂಡವರು ಯಾರು? ಹಾಗಾಗಿ ನಾನು ಉರಿಯುವ ದಿನದ ಎಣಿಕೆಯನ್ನು ಬದಿಗಿಟ್ಟು, ಸುಟ್ಟ ಒಂದು ತುಂಡು, ಸುಡದ ಒಂದು ತುಂಡು ಆರಿಸಿಕೊಂಡೆ. ಎರಡೂ ಒಂದೇ ಪದವಿನವು, ಎರಡಕ್ಕೂ ಬಿಸಿಲು ಒಂದೇ. ಬೆಳಿಗ್ಗೆ ಒಂದೇ ಹೊತ್ತಿಗೆ ಎರಡರಲ್ಲೂ ಅಷ್ಟೇ ಹೊತ್ತು ನಿಲ್ಲುತ್ತೇನೆ. ಪುಸ್ತಕದಲ್ಲಿ ಹೆಸರಿನ ಮುಂದೆ ಹಕ್ಕಿ ಏನು ಮಾಡುತ್ತಿತ್ತು ಎಂದು ಬರೆಯುತ್ತೇನೆ: ಮೇಯುತ್ತಿತ್ತೇ, ಹಾಡುತ್ತಿತ್ತೇ, ಕೊಕ್ಕಿನಲ್ಲಿ ನಾರು ಹಿಡಿದಿತ್ತೇ. ಬೆಂಕಿ ಬಿದ್ದ ದಿನಾಂಕ ಬರೆಯದಿದ್ದರೆ ಉಳಿದದ್ದೆಲ್ಲ ವ್ಯರ್ಥ.

ಕೆಲವು ವಾರ ಕಳೆದ ಮೇಲೆ ವ್ಯತ್ಯಾಸ ಎದ್ದು ಕಾಣುತ್ತದೆ. ಸುಟ್ಟ ಕರಿನೆಲದಲ್ಲಿ ಬಾನಾಡಿ ಎಂಬ ಗುಬ್ಬಿಯಂಥ ಹಕ್ಕಿ ಓಡಾಡಿ ಮೇಯುತ್ತದೆ, ಹಾಡಲು ಕಲ್ಲಿನ ಮೇಲೇರುತ್ತದೆ. ಹಳದಿ ಟಿಟ್ಟಿಭಕ್ಕೆ ಬಯಲು ನೆಲವೇ ಬೇಕು. ಮುರಕಲ್ಲಿನ ಹರಳುಗಳ ನಡುವೆ ಸಣ್ಣ ಗುಳಿಯಲ್ಲಿ ನಾಲ್ಕು ಮೊಟ್ಟೆ ಇಡುತ್ತದೆ. ಮೊಟ್ಟೆಯ ಮೇಲಿನ ಕಪ್ಪು ಮಚ್ಚೆಗಳು ಹರಳಿನ ಬಣ್ಣಕ್ಕೆ ಎಷ್ಟು ಹೊಂದುತ್ತವೆಂದರೆ, ಹಕ್ಕಿ ಎದ್ದ ಜಾಗದಿಂದ ಕಣ್ಣು ಕದಲಿಸಿದರೆ ಮತ್ತೆ ಸಿಗುವುದಿಲ್ಲ. ಉಲಿಯಕ್ಕಿಯ ಸದ್ದು ಮಾತ್ರ ಸುಡದ ಕಡೆಯಿಂದಲೇ. ಬಂಡೆ ಹರಡಿದಲ್ಲಿ ಬೆಂಕಿ ದಾಟದೆ ಬಿಟ್ಟ ಹುಲ್ಲಿನ ತುಣುಕಿಗೂ ಅದು ಬರುತ್ತದೆ. ಒಂದೇ ಗುಡ್ಡೆ ಇಬ್ಬರಿಗೂ ಬೇಕು, ಬೇರೆ ಬೇರೆ ಸ್ಥಿತಿಯಲ್ಲಿ.

ಹಾಗಾಗಿ ಬೆಂಕಿಯೇ ಬೇಡ ಎಂದು ನಾನು ಯಾರೊಂದಿಗೂ ಜಗಳಕ್ಕೆ ನಿಲ್ಲಲಿಲ್ಲ. ಯಾವಾಗ, ಎಷ್ಟು ಎಂಬುದಷ್ಟೇ ನನ್ನ ತಕರಾರು. ನೆಲದಲ್ಲಿ ಗೂಡಿಡುವ ಟಿಟ್ಟಿಭ, ಇರುಳಲ್ಲಿ ಹಾರುವ ನತ್ತಿಂಗಗಳಿಗೆ ಮಾರ್ಚ್, ಏಪ್ರಿಲ್ ಗೂಡಿನ ಕಾಲ. ಆಗ ಬೀಳುವ ಬೆಂಕಿ ಒಣಗಿ ಗರಿಗರಿಯಾದ ಹುಲ್ಲಿನಲ್ಲಿ ತಡೆಯಿಲ್ಲದೆ ಓಡುತ್ತದೆ, ಕುಂಟಾಲ, ಕೇಪಳದ ಪೊದೆಗಳನ್ನೂ ತಿನ್ನುತ್ತದೆ.

ಇದನ್ನು ಹೇಳಿದಾಗ ನೆರೆಮನೆಯ ಅಕ್ಕ ಮೊದಲು ನಕ್ಕರು. "ಮಾಸ್ಟ್ರೇ, ಹಕ್ಕಿಗೆ ಕೇಳಿ ಗುಡ್ಡೆ ಸುಡಬೇಕೇ?" ಎಂದರು. "ಹಕ್ಕಿಯನ್ನು ಕೇಳುವುದು ಬೇಡ, ಬೆಂಕಿಯ ಕಾವಿಗೆ ನಿಮ್ಮ ಗೇರುಹೂವು ಬಾಡುವುದನ್ನು ನೋಡಿ" ಎಂದೆ. ಅದು ನಾಟಿತು. ಬೆಂಕಿ ಆಚೆ ದಾಟದಂತೆ ಸುತ್ತ ಹುಲ್ಲು ಕೊಯ್ದು ಬೆಂಕಿರೇಖೆ ಮಾಡಿದೆವು. ಇಬ್ಬನಿ ಆರುವ ಮೊದಲು, ಗಾಳಿ ಏಳದ ಹೊತ್ತಿನಲ್ಲಿ, ಕೈಯಲ್ಲಿ ಹಸಿಸೊಪ್ಪು ಹಿಡಿದು, ಒಂದು ಪಟ್ಟಿ ಸುಟ್ಟು ಒಂದು ಪಟ್ಟಿ ಬಿಟ್ಟೆವು. ಬಿಟ್ಟ ಪಟ್ಟಿಗೆ ಮರುವರ್ಷದ ಸರದಿ. ಪೊದೆಗಳ ಸುತ್ತಲಿನ ಹುಲ್ಲನ್ನು ಕತ್ತಿಯಿಂದಲೇ ಕೊಯ್ಯುವುದು. ಇದಕ್ಕೆ ಹೆಚ್ಚು ಆಳು ಬೇಕು; ಆಳು ಸಿಗದ ವರ್ಷ ಸುಡುವುದೇ ಇಲ್ಲ.