ವಿದೇಶದಲ್ಲಿ ಇಂಗ್ಲಿಷ್ ಕಲಿಸಲು ಯಾವ ಸರ್ಟಿಫಿಕೇಟ್?

ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ಹೋಗಬೇಕಾದ ದೇಶದ ವೀಸಾ ನಿಯಮ ಓದಿ. ದಕ್ಷಿಣ ಕೊರಿಯಾದಲ್ಲಿ ಭಾಷಾ ಶಿಕ್ಷಕರಿಗೆ ಕೊಡುವ ಇ-2 ವೀಸಾ ಮುಖ್ಯವಾಗಿ ಅಮೆರಿಕ, ಬ್ರಿಟನ್ ಸೇರಿ ಏಳು ದೇಶಗಳ ಪ್ರಜೆಗಳಿಗೆ. ಭಾರತ ಆ ಪಟ್ಟಿಯಲ್ಲಿಲ್ಲ. ಜಪಾನ್‌ನಲ್ಲಿ ಸಾಮಾನ್ಯವಾಗಿ 12 ವರ್ಷ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ದಾಖಲೆ ಕೇಳುತ್ತಾರೆ. ಕನ್ನಡ ಮಾಧ್ಯಮದವರಿಗೆ ಇದು ಅಡ್ಡಿ, ಎಂಥ ಸರ್ಟಿಫಿಕೇಟ್ ಇದ್ದರೂ.

ಅಲ್ಲಿಂದ ಮುಂದೆ ನೋಡಬೇಕಾದ್ದು ಪಾಠದ ಅಭ್ಯಾಸ. ಇಂಗ್ಲಿಷ್ ಬೋಧನೆಗೆ ಕೇಂಬ್ರಿಜ್ ಕೊಡುವ ಸರ್ಟಿಫಿಕೇಟ್ ಸೆಲ್ಟಾದಲ್ಲಿ ಕನಿಷ್ಠ 120 ಗಂಟೆ ತರಬೇತಿ, 4 ಲಿಖಿತ ಅಸೈನ್‌ಮೆಂಟ್, ಎರಡು ಮಟ್ಟದ ನಿಜ ವಿದ್ಯಾರ್ಥಿಗಳಿಗೆ 6 ಗಂಟೆ ಪಾಠ. ಅದೇ ಬಗೆಯ ಇನ್ನೊಂದು ಸರ್ಟಿಫಿಕೇಟ್, ಟ್ರಿನಿಟಿ ಕಾಲೇಜ್ ಲಂಡನ್‌ನ ಸರ್ಟ್‌ಟೆಸಾಲ್‌ನಲ್ಲೂ 6 ಗಂಟೆ ಪಾಠ. ಪೂರ್ಣಾವಧಿಯಾದರೆ ನಾಲ್ಕೈದು ವಾರ, ಬೇರೆ ಕೆಲಸಕ್ಕೆ ಬಿಡುವೇ ಇರದು. ಜನ ಎಡವುವುದು ವ್ಯಾಕರಣದಲ್ಲಿ: ಸರಾಗ ಮಾತಾಡುವವರೂ ಪ್ರೆಸೆಂಟ್ ಪರ್ಫೆಕ್ಟ್ ('I have eaten' ಥರದ ರೂಪ) ಯಾಕೆ ಬಳಸುತ್ತೇವೆ ಎಂದು ವಿವರಿಸಲಾರರು. ಪ್ರವೇಶ ಪರೀಕ್ಷೆಗೂ ಮೊದಲೇ ಅದನ್ನು ತಿದ್ದಿಕೊಳ್ಳಿ. ಸೆಲ್ಟಾ ವಯಸ್ಕರ ಬೋಧನೆಗಾಗಿ ಇರುವುದು. ಪುಟ್ಟ ಮಕ್ಕಳಿಗೆ ಕಲಿಸುವವರಿಗೆ ಬೇರೆ ತರಬೇತಿಯೂ ಬೇಕು.

ಅಗ್ಗದ ಆನ್‌ಲೈನ್ ಟೆಫಲ್ (ವಿದೇಶಿ ಭಾಷೆಯಾಗಿ ಇಂಗ್ಲಿಷ್ ಬೋಧನೆ) ಕೋರ್ಸುಗಳೂ '120 ಗಂಟೆ' ಎನ್ನುತ್ತವೆ. ಹಲವದರಲ್ಲಿ ಒಂದು ನಿಮಿಷವೂ ಪಾಠ ಮಾಡಿಸುವುದಿಲ್ಲ. ಆನ್‌ಲೈನ್ ಟ್ಯೂಷನ್‌ಗೆ ಸಾಕಾಗಬಹುದು, ಒಳ್ಳೆಯ ಭಾಷಾ ಶಾಲೆಗೆ ಸಾಲದು. 'ಲೆವೆಲ್ 5' (ಬ್ರಿಟನ್ನಿನ ಅರ್ಹತಾ ಶ್ರೇಣಿಯ ಐದನೇ ಮಟ್ಟ) ಎಂದು ಜಾಹೀರಾತಿದ್ದರೆ ಅರ್ಹತೆಯ ಸಂಖ್ಯೆ ಕೇಳಿ, ಇಂಗ್ಲೆಂಡಿನ ಅರ್ಹತಾ ನಿಯಂತ್ರಕ ಸಂಸ್ಥೆ ಆಫ್‌ಕ್ವಾಲ್‌ನ ನೋಂದಣಿಯಲ್ಲಿ ಹುಡುಕಿ. ಸಂಖ್ಯೆ ಕೊಡಲು ತಡವರಿಸಿದರೆ ಆ ಕೋರ್ಸ್ ಬಿಡಿ.

ಪದವಿ ಇಲ್ಲದವರು ಇನ್ನೊಮ್ಮೆ ಯೋಚಿಸಿ: ವಿಯೆಟ್ನಾಂ ವರ್ಕ್ ಪರ್ಮಿಟ್‌ಗೆ ಸಾಮಾನ್ಯವಾಗಿ ಪದವಿ, ಬೋಧನಾ ಸರ್ಟಿಫಿಕೇಟ್ ಎರಡೂ ಬೇಕು, ಆ ದಾಖಲೆಗಳ ಅಧಿಕೃತ ದೃಢೀಕರಣದ ಸಮೇತ.